ಹುಣಿಸೆ ಬೀಜದ ಲೆಕ್ಕ

ನ್ಯೂಜಿಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿ ಆಗ ನಾವಿದ್ದದ್ದು ಹಳೆಯ ಮರದ ಮನೆ. ಹಾಲ್‌ನಲ್ಲೊಂದು ಸೌದೆ ಒಲೆ. ಅದರ ಮುಂದಿನ ಮೂರಡಿ ಬಿಟ್ಟರೆ ಉಳಿದ ಮನೆಯೆಲ್ಲ ಕೊರೆಯುವ ಚಳಿ. ಜುಲೈ ತಿಂಗಳು. ಸಾಗರದಿಂದ ಬಂದಿದ್ದ ಅತ್ತೆ ಆ ಮೂರಡಿ ಜಾಗವನ್ನು ಪೂರ್ತಿ ಹಿಡಿದಿದ್ದರು. ಸ್ಯಾಂಡ್ರಿಂಗಮ್ ರೋಡಿನ ಅಂಗಡಿಯಿಂದ ತಂದ ಹುಣಿಸೆಹಣ್ಣಿನಲ್ಲಿ ಬೀಜ ಸಿಕ್ಕಿದ್ದೇ ತಡ, ನಾಲ್ಕನ್ನು ಆಯ್ದು, ಹಿತ್ತಿಲ ಮೆಟ್ಟಿಲಿಗೆ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿ, ರಟ್ಟಿನ ಮೇಲೆ ಚೌಕಾಬಾರದ ಮನೆ ಗೀಚಿದ್ದರು.

ಹಿಂದಿನ ವಾರ ತೌರಂಗಕ್ಕೆ ಹೋಗಿಬಂದಿದ್ದೆವು. ಅಲ್ಲಿನ ಮಾವೊರಿ ಮನೆತನವೊಂದರ ಕಥೆಯನ್ನು ಆಟದ ನಡುವೆ ಎತ್ತಿದೆ. ಸಂಖ್ಯಾಶಾಸ್ತ್ರ ಓದಿದವನಿಗೆ ಆ ಕಥೆ ಹೇಳುವುದೊಂದು ಚಟ. ತಲೆಮಾರಿನಿಂದ ತಲೆಮಾರಿಗೆ ಹೊಟ್ಟೆಯ ಕ್ಯಾನ್ಸರ್, ಅದೂ ಎಳೆ ವಯಸ್ಸಿನವರಿಗೆ. ಇಪ್ಪತ್ತೈದು ಜನರಷ್ಟು ಹೋದ ಮೇಲೆ, 1990ರ ದಶಕದ ನಡುವಿನಲ್ಲಿ, ಮನೆತನದವರೇ ಡನೀಡಿನ್‌ನ ಒಟಾಗೊ ವಿಶ್ವವಿದ್ಯಾಲಯದ ಪ್ಯಾರಿ ಗಿಲ್‌ಫರ್ಡ್ ಅವರ ತಂಡದ ಜೊತೆ ಕೂತರು. ಯಾರ ಮಗ, ಯಾರ ಮೊಮ್ಮಗಳು ಎಂಬ ವಂಶಾವಳಿಯನ್ನು ಮಾವೊರಿಗಳು ಬಾಯಲ್ಲೇ ಇಟ್ಟುಕೊಂಡವರು; ಅದಕ್ಕೆ ಫಕಪಾಪ ಅನ್ನುತ್ತಾರೆ. ಅಂಥ ಜನ ಕೂತರೆ ವಿಜ್ಞಾನಿಗೆ ಅರ್ಧ ಕೆಲಸ ಮುಗಿದ ಹಾಗೆ.

"ಅಲ್ಲ ಮಾರಾಯ, ವಂಶಾವಳಿ ಬರೆದರೆ ರೋಗ ಎಲ್ಲಿ ಕೂತಿದೆ ಅಂತ ಹೇಗೆ ಗೊತ್ತಾಗ್ತದೆ?"

ಬೀಜ ಎತ್ತಿಕೊಂಡೆ. ತಾಯಿಗೆ ರೋಗ ಇದೆ ಅನ್ನಿ. ಪ್ರತಿ ವರ್ಣತಂತುವೂ ಅವಳಲ್ಲಿ ಜೋಡಿಯಾಗಿ ಇರುತ್ತದೆ. ಒಂದು ಬಿಳಿ, ಒಂದು ಕಪ್ಪು. ರೋಗ ಅವಳಿಗೆ ಬಂದದ್ದು ಬಿಳಿಯದರ ಜೊತೆ. ಈಗ ಮಕ್ಕಳಲ್ಲಿ ಯಾರಿಗೆ ಯಾವುದು ಹೋಯಿತು ನೋಡಬೇಕು. ರೋಗದ ಜೀನ್ ಬೇರೆಲ್ಲೋ ಇದ್ದರೆ ಬಿಳಿಗೂ ರೋಗಕ್ಕೂ ತಾಳಮೇಳ ಇರುವುದಿಲ್ಲ. ಪಕ್ಕದಲ್ಲೇ ಇದ್ದರೆ ಎರಡೂ ಜೊತೆಗೇ ಇಳಿಯುತ್ತವೆ. ಹತ್ತು ಮಕ್ಕಳಲ್ಲಿ ಹತ್ತಕ್ಕೂ ಲೆಕ್ಕ ಸರಿಹೋದರೆ? ಬರೀ ಅದೃಷ್ಟದಿಂದ ಹಾಗಾಗುವುದು 1,024ರಲ್ಲಿ ಒಂದು ಸಲ. 1955ರಲ್ಲಿ ನ್ಯೂಟನ್ ಮಾರ್ಟನ್ ಎಂಬ ಅಮೆರಿಕದ ತಳಿವಿಜ್ಞಾನಿ ಇದಕ್ಕೆ ಲಾಡ್ ಸ್ಕೋರ್ ಎಂಬ ಅಳತೆಗೋಲು ಕೊಟ್ಟ. ಸ್ಕೋರ್ 3 ಎಂದರೆ 'ಪಕ್ಕದಲ್ಲಿದೆ' ಎಂಬ ಮಾತಿಗೆ 'ಇಲ್ಲ' ಎಂಬುದಕ್ಕಿಂತ ಸಾವಿರ ಪಟ್ಟು ಬಲ. ಅಷ್ಟು ಬಲ ಸಿಗುವವರೆಗೆ ನಂಬಬೇಡಿ ಎಂದ. ಹುಡುಕುವ ಜಾಗ ನೂರಾರು ಇರುವಾಗ ಎಲ್ಲೋ ಒಂದು ಕಡೆ ಸುಮ್ಮನೆ ತಾಳೆ ಬಿದ್ದೇ ಬೀಳುತ್ತದಲ್ಲ. (ಹುಣಿಸೆ ಬೀಜ ಈ ಪಾಠಕ್ಕೆ ಸರಿಯಾದ ಸಾಧನ ಅಲ್ಲ. ಸರಿಸಮ ಬೀಳುವುದೇ ಇಲ್ಲ. ಅತ್ತೆಯ ಕೈಯಲ್ಲಂತೂ ಬೇಕಾದ ಹಾಗೆ ಬೀಳುತ್ತದೆ.)

ತೌರಂಗದವರ ಲೆಕ್ಕ 16ನೆಯ ವರ್ಣತಂತುವಿನ ಒಂದು ಜೀನ್ ಹತ್ತಿರ ಬಂದು ನಿಂತಿತು. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್‌ನ ಜೀನ್ ಅದು. ಒಳಗೆ ಒಂದೇ ಒಂದು ಅಕ್ಷರ ಬದಲಾಗಿತ್ತು. 1998ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಆಮೇಲೆ ರಕ್ತಪರೀಕ್ಷೆ ಮಾಡಿಸಿಕೊಂಡು, ರೋಗ ಬರುವ ಮೊದಲೇ ಜಠರ ತೆಗೆಸಿಕೊಂಡವರು ಇದ್ದಾರೆ.

ಅತ್ತೆ ಬೀಜ ಹಾಕಲಿಲ್ಲ. "ನಮ್ಮ ಹಂದಿಗೋಡಿನದೂ ಹೀಗೇ ಅಲ್ದಾ?"

ಅವರು ಆ ಸುತ್ತಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದವರು. 1970ರ ದಶಕದ ನಡುವಿನಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನ ದಲಿತ ಕೇರಿಯ ಕಾಯಿಲೆ ಹೊರಜಗತ್ತಿಗೆ ಗೊತ್ತಾಯಿತು. ಸೊಂಟ, ಮಂಡಿ ಹಿಡಿದುಕೊಳ್ಳುವುದು, ಕೆಲವರು ಕುಳ್ಳಗೇ ಉಳಿಯುವುದು. ಗದ್ದೆಗೆ ಹೊಡೆದ ಔಷಧಿ ಏಡಿಗೆ ಸೇರಿ, ಏಡಿ ತಿಂದವರಿಗೆ ಹೀಗಾಯಿತು ಎಂಬ ಮಾತು ಬಹಳ ಕಾಲ ಓಡಾಡಿತು. ಲಖನೌದ ಎಸ್. ಎಸ್. ಅಗರ್ವಾಲ್ ಮತ್ತು ಸಂಗಡಿಗರು ವಂಶಾವಳಿ ಹಿಡಿದು ನೋಡಿದಾಗ ಅದು ತಂದೆಯಿಂದಲೋ ತಾಯಿಯಿಂದಲೋ ಅರ್ಧದಷ್ಟು ಮಕ್ಕಳಿಗೆ ಇಳಿಯುವ ಕಾಯಿಲೆಯಾಗಿ ಕಂಡಿತು.

"ನಾವೂ ಏಡಿ ಅಂತಲೇ ಅಂದುಕೊಂಡಿದ್ದು. ಅವರು ತಿಂದಿದ್ದಕ್ಕೆ ಬಂತು ಅಂದ್ರೆ ನಮಗೆ ಸಲೀಸಲ್ವಾ" ಎಂದರು ಅತ್ತೆ. "ಅಷ್ಟು ವರ್ಷದಲ್ಲಿ ಆ ಕೇರಿಯೊಳಗೆ ನಾನು ಹೋಗಿದ್ದು ಎರಡೇ ಸಲ." ಬೆಂಕಿಗೆ ಒಂದು ಕೊರಡು ನೂಕಿದರು. "ಒಬ್ಬ ಹುಡುಗ ಗೋಡೆ ಹಿಡ್ಕೊಂಡು ಕ್ಲಾಸಿಗೆ ಬರ್ತಿದ್ದ. ಅವನ ಅಕ್ಕನಿಗೆ ಏನೂ ಇರಲಿಲ್ಲ. ಸೊಪ್ಪಿನ ಹೊರೆ ಹೊತ್ತು ನೆಟ್ಟಗೆ ನಡೀತಿದ್ದಳು. ಅವಳೂ ನಿಮ್ಮ ಲೆಕ್ಕಕ್ಕೆ ಬರ್ತಾಳಾ?"

"ಬರಲೇಬೇಕು ಅತ್ತೆ. ರೋಗ ಇಲ್ಲದವರನ್ನು ಬಿಟ್ಟರೆ ಲೆಕ್ಕದ ಬಲವೇ ಕುಗ್ಗುತ್ತದೆ. ಹೋಲಿಸಿ ನೋಡುವುದು ಅವರ ಜೊತೆ. ಆದರೆ ವಯಸ್ಸು ಕೇಳಬೇಕು. ಇಪ್ಪತ್ತಕ್ಕೆ ಇಲ್ಲ ಅಂದರೆ ನಲವತ್ತಕ್ಕೂ ಇಲ್ಲ ಅಂತ ಅಲ್ಲ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ. ರೋಗ ಇದ್ದರೆ ಒಳಗೆ ಕಪ್ಪು ತುಂಬಬೇಕು."

ಅತ್ತೆ ಪೆನ್ಸಿಲ್ ತಗೊಂಡು ರಟ್ಟಿನ ಅಂಚಿನಲ್ಲಿ ಒಂದು ಚೌಕ ಬರೆದು ಕಪ್ಪು ತುಂಬಿದರು. ಪಕ್ಕದಲ್ಲಿ ದುಂಡಗೆ ಒಂದು ಖಾಲಿ ಸೊನ್ನೆ. ಇನ್ನೊಂದು ಸಣ್ಣ ಚೌಕ ಬರೆದರು. "ತಮ್ಮ ಒಬ್ಬ ಇದ್ದ. ಅವನಿಗೆ..." ಪೆನ್ಸಿಲ್ ಅಲ್ಲೇ ನಿಂತಿತು. ಸ್ವಲ್ಪ ಹೊತ್ತು ಒಲೆಯನ್ನೇ ನೋಡಿ, ಆ ಚೌಕವನ್ನು ಹಾಗೇ ಬಿಟ್ಟು, ಬೀಜಗಳನ್ನು ನನ್ನ ಕಡೆ ತಳ್ಳಿದರು.

"ಹಾಕು, ನಿನ್ನ ಆಟ."