ಕೇಳುವ ಕಿವಿಯಿದ್ದರೆ ಕಥೆ ನಮ್ಮೂರಲ್ಲೇ ಇದೆ

ಸಹೋದರಿಯರೇ, ಕಥೆ ಬರೆಯಬೇಕಾದರೆ ದೊಡ್ಡ ಪಟ್ಟಣದಲ್ಲಿರಬೇಕು, ದೊಡ್ಡ ಜನರ ಒಡನಾಟ ಬೇಕು ಎಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ‘ನಮ್ಮ ಸಗರನಾಡಿನಲ್ಲಿ ಏನಿದೆ? ಬಿಸಿಲು, ಕಲ್ಲುಗುಡ್ಡ, ಜೋಳದ ಹೊಲ, ಗುಳೆ ಹೋಗುವ ಜನ, ಅಷ್ಟೇ’ ಎಂದು ಮೂಗು ಮುರಿಯುವವರೂ ಇದ್ದಾರೆ. ಆದರೆ ಇದೇ ನಾಡಿನಲ್ಲಿ ಹನ್ನೆರಡು ವರ್ಷ ಬಾಳಿ, ದಖ್ಖನ್ನಿನ ಕಥೆಗಳನ್ನು ಇಂಗ್ಲೆಂಡಿನವರಿಗೆ ಓದಿಸಿದ ಕಾದಂಬರಿಕಾರರೊಬ್ಬರಿದ್ದರು ಎಂಬುದು ನಿಮಗೆ ಗೊತ್ತೇ?

ಅವರ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವರು. 1824ರಲ್ಲಿ, ಇನ್ನೂ ಮೀಸೆ ಮೂಡದ ಹದಿನೈದರ ಪ್ರಾಯದಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆಂದು ಹಡಗಿನಲ್ಲಿ ಬಂದರು. ಅಲ್ಲಿನ ವ್ಯಾಪಾರ ನಂಬುವಂತಿರಲಿಲ್ಲ. ಕೊನೆಗೆ ಹೈದರಾಬಾದ್ ನಿಜಾಮರ ಸೈನ್ಯ ಸೇರಿದರು. ನಮ್ಮ ಮಕ್ಕಳು ಶಾಲೆಯ ಬೆಂಚಿನ ಮೇಲೆ ಕಳೆಯುವ ವಯಸ್ಸನ್ನು ಅವರು ದಖ್ಖನ್ನಿನ ದಾರಿಗಳಲ್ಲಿ ಕಳೆದರು. ಉರ್ದು ಕಲಿತರು. ಹಳ್ಳಿಗಳ ಬಳಿ ಡೇರೆ ಹಾಕಿ ಜನರ ಮಾತು ಕೇಳಿದರು. ಅವರ ಪತ್ನಿ ಮೇರಿ, ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ರ ಮಗಳು. ಆ ಪಾಮರ್‌ರ ತಾಯಿ ಫೈಜ್ ಬಖ್ಷ್ ಎಂಬ ಮುಸ್ಲಿಂ ಮಹಿಳೆ.

1841ರಿಂದ 1853ರವರೆಗೆ ಟೇಲರ್ ಸುರಪುರದಲ್ಲಿದ್ದರು. ಬಾಲಕ ದೊರೆ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಂಡರು. ಅವರು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಸುರಪುರದ ಗುಡ್ಡದ ಮೇಲಿದೆ. ಬಿಜಾಪುರದ ಕಾಲದ ಕಥೆ ಹೇಳುವ ‘ತಾರಾ’ 1863ರಲ್ಲಿ ಹೊರಬಂತು. ಚಾಂದ್ ಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ ಅವರ ಮರಣಾನಂತರ, 1878ರಲ್ಲಿ ಅಚ್ಚಾಯಿತು. ಅವರ ಆತ್ಮಕಥೆಯನ್ನು ಸಂಪಾದಿಸಿ 1877ರಲ್ಲಿ ಹೊರತಂದವರು ಮಗಳು ಆಲಿಸ್.

ಇಲ್ಲಿ ಒಂದು ಮಾತು ಹೇಳಲೇಬೇಕು. ಟೇಲರ್ ಎಷ್ಟೇ ಪ್ರೀತಿಯಿಂದ ಬರೆದರೂ ಅವರು ಆಳುವವರ ಕಡೆಯವರು. 1839ರ ಅವರ ಪ್ರಸಿದ್ಧ ಕಾದಂಬರಿಯಲ್ಲಿ ಕಥೆ ಹೇಳುವವನು ಅಮೀರ್ ಅಲಿ ಎಂಬ ಠಕ್ಕ, ದಾರಿಹೋಕರ ಕತ್ತು ಬಿಗಿಯುವವನು. ನಮ್ಮ ಹೆಸರು ಲಂಡನ್ನಿನ ಓದುಗರ ಮನೆ ಮುಟ್ಟಿದ್ದು ಹೀಗೆ! ನಮ್ಮ ಕಥೆಯನ್ನು ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ, ಅವರಿಗೆ ಕಂಡಂತೆ ಬರೆಯುತ್ತಾರೆ.

ನಾನು ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ ಪಾಠ ಹೇಳುತ್ತಿರುವವಳು. ನಮ್ಮ ಮನೆಯ ಮಾತು ದಖನಿ, ಓಣಿಯ ಮಾತು ಕನ್ನಡ. ನಾನಿ ಒಂದೇ ಕಥೆಯನ್ನು ಎರಡೂ ಭಾಷೆ ಬೆರೆಸಿ ಹೇಳುತ್ತಿದ್ದರು. ಅವರು ತೀರಿಕೊಂಡರು, ಕಥೆಗಳೂ ಅವರೊಂದಿಗೆ ಹೋದವು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಬರುತ್ತದಲ್ಲ?

ನನ್ನ ತರಗತಿಯಲ್ಲೊಬ್ಬ ಹುಡುಗಿ ತಂದೆತಾಯಿಯ ಜೊತೆ ಬೆಂಗಳೂರಿಗೆ ಗುಳೆ ಹೋಗಿ ಎರಡು ತಿಂಗಳ ನಂತರ ಬಂದಳು. ‘ಪಾಠ ಹಿಂದೆ ಬಿದ್ದಿದೆ’ ಎಂದು ಅಳುತ್ತಿದ್ದಳು. ಕಂಡದ್ದನ್ನೇ ಬರೆ ಎಂದೆ. ಕಟ್ಟಡದ ಮರಳಿನ ಮೇಲೆ ತಮ್ಮನನ್ನು ಮಲಗಿಸಿದ್ದು, ಅಮ್ಮಿ ತಗಡಿನ ಶೆಡ್ಡಿನಲ್ಲಿ ಮೊದಲ ರೊಟ್ಟಿ ಬಡಿದದ್ದು, ಯಾರೂ ಇವಳ ಹೆಸರು ಕೇಳದೆ ‘ಏ ಹುಡುಗಿ’ ಎಂದು ಕರೆದದ್ದು, ಎಲ್ಲವನ್ನೂ ನಾಲ್ಕು ಪುಟ ಬರೆದು ತಂದಳು. ಓದುವಾಗ ನನ್ನ ಕಣ್ಣು ತುಂಬಿತು. ಟೇಲರ್ ಡೇರೆಯಿಂದ ನೋಡಿದರು, ಇವಳು ಶೆಡ್ಡಿನೊಳಗಿಂದ ನೋಡಿದ್ದಾಳೆ.

ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್ ತಮ್ಮೂರಿನ ಚಂದ್ರಗಿರಿ ಹೊಳೆಯ ದಡದ ಹೆಣ್ಣುಮಕ್ಕಳ ಬದುಕನ್ನೇ ಕಾದಂಬರಿ ಮಾಡಿದರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆದವು. ಇಬ್ಬರೂ ಬರೆದದ್ದು ತಾವು ಬಲ್ಲ ಮನೆಗಳ ಕಥೆಯನ್ನೇ.

ಆದ್ದರಿಂದ ತಾಯಂದಿರೇ, ಮಗಳು ಏನೋ ಗೀಚುತ್ತಾ ಕುಳಿತರೆ ‘ಬಿಡು, ಪಾತ್ರೆ ತೊಳೆ’ ಎಂದು ಎಬ್ಬಿಸಬೇಡಿ. ಪಾತ್ರೆ ಅರ್ಧ ಗಂಟೆ ಕಾಯುತ್ತದೆ. ಅವಳಿಗೊಂದು ನೋಟ್‌ಬುಕ್ ಕೊಡಿಸಿ. ದಾದಿ, ನಾನಿಯರ ಪಕ್ಕ ಕೂರಿಸಿ, ಅವರು ಹೇಳುವುದನ್ನು ಬರೆದುಕೊಳ್ಳಲು ಹೇಳಿ. ಅವರು ಇರುವಾಗಲೇ.