ಕಿರುಚಿದರೂ 'ಶ್‌ಶ್' ಅನ್ನದ ಥಿಯೇಟರು!

ನ್ಯೂಯಾರ್ಕಿಗೆ ಹೋಗಿ ಬಂದವರು ತೋರಿಸೋ ಫೋಟೋಗಳಲ್ಲಿ ಎರಡಂತೂ ಇದ್ದೇ ಇರುತ್ತವೆ. ಒಂದು ಸ್ವಾತಂತ್ರ್ಯ ದೇವಿಯ ಪ್ರತಿಮೆ, ಇನ್ನೊಂದು ಟೈಮ್ಸ್ ಸ್ಕ್ವೇರಿನ ಝಗಮಗ. ಸಿನಿಮಾ ಹುಚ್ಚು ಇರೋರು ನೋಡಲೇಬೇಕಾದ ಮೂರನೇ ಜಾಗ ಒಂದಿದೆ. ನೆಲದಡಿ ಓಡೋ 1ನೇ ನಂಬರಿನ ರೈಲು ಹತ್ತಿ 66ನೇ ಬೀದಿಯ ಸ್ಟೇಷನ್ನಿನಲ್ಲಿ ಇಳಿದು ಮೇಲೆ ಬಂದರೆ ಲಿಂಕನ್ ಸೆಂಟರ್. ಮೂರು ಕಡೆ ಮೂರು ಭಾರೀ ರಂಗಮಂದಿರಗಳು, ನಡುವೆ ಕಲ್ಲುಹಾಸಿನ ಅಂಗಳ, ಅಂಗಳದ ಮಧ್ಯೆ ದುಂಡನೆಯ ಕಾರಂಜಿ.

ಈ ಕಾರಂಜಿ ಯಾವ ತಾರೆಗೂ ಕಡಿಮೆ ಇಲ್ಲ ಸ್ವಾಮಿ! 1967ರ 'ದಿ ಪ್ರೊಡ್ಯೂಸರ್ಸ್' ಚಿತ್ರದಲ್ಲಿ ಜೀನ್ ವೈಲ್ಡರ್ ಖುಷಿಯಿಂದ ಓಡಾಡಿದ್ದು ಇದರ ಸುತ್ತಲೇ. 1984ರ 'ಘೋಸ್ಟ್ ಬಸ್ಟರ್ಸ್'ನಲ್ಲಿ ಬಿಲ್ ಮರ್ರೇ ಬಂದು ಸಿಗೋರ್ನಿ ವೀವರ್ ಜೊತೆ ಮಾತಾಡೋದೂ ಇಲ್ಲೇ. 1987ರ 'ಮೂನ್‌ಸ್ಟ್ರಕ್'ನಲ್ಲಿ ಷೇರ್ ಸಿಂಗರಿಸಿಕೊಂಡು ನಿಕೊಲಸ್ ಕೇಜ್‌ನ ಜೊತೆ ಆಪೆರಾ ನೋಡೋಕೆ ಬರೋದೂ ಇಲ್ಲಿಗೇ. ಆ ಪಾತ್ರಕ್ಕೆ ಆಕೆಗೆ ಆಸ್ಕರ್ ಸಿಕ್ಕಿತು.

ಆದರೆ ಈ ನೆಲದ ಹಳೇ ಕಥೆ ಅಷ್ಟು ಚೆಂದ ಇಲ್ಲ. ಇಲ್ಲಿ ಮೊದಲು ಕರಿಯರು, ಪೋರ್ಟೊರಿಕೊದವರು ತುಂಬಿದ್ದ ಬಡ ಬಡಾವಣೆ ಇತ್ತು. ಹೆಸರು ಸ್ಯಾನ್ ವಾನ್ ಹಿಲ್. ಇದನ್ನೆಲ್ಲ ಕೆಡವಿ ಕಲಾಕೇಂದ್ರ ಕಟ್ಟೋದು ಅಂತಾಯಿತು. ಏಳು ಸಾವಿರಕ್ಕೂ ಹೆಚ್ಚು ಸಂಸಾರಗಳು ಗಂಟುಮೂಟೆ ಕಟ್ಟಿದವು. 1959ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಬಂದು ಗುದ್ದಲಿ ಹಾಕಿದರು. ಕೆಡವೋದು ಬಾಕಿ ಇದ್ದ 68ನೇ ಬೀದಿಯ ಖಾಲಿ ಮನೆಗಳ ಮುಂದೆ 1960ರಲ್ಲಿ ಕೆಮರಾ ಇಟ್ಟು ತೆಗೆದದ್ದೇ 'ವೆಸ್ಟ್ ಸೈಡ್ ಸ್ಟೋರಿ'ಯ ಶುರುವಿನ ಕುಣಿತ! ಆ ಚಿತ್ರ ಹತ್ತು ಆಸ್ಕರ್ ಬಾಚಿತು. ಸ್ಪೀಲ್‌ಬರ್ಗ್ 2021ರಲ್ಲಿ ಅದನ್ನೇ ಮತ್ತೆ ತೆಗೆದಾಗ ಕೆಡವಿದ ಗೋಡೆಗಳಿಂದಲೇ ಚಿತ್ರ ಶುರು ಮಾಡಿದರು.

ಹೀಗೆ ಸಂಸಾರಗಳನ್ನು ಹೊರಗೆ ಹಾಕಿ ಕಟ್ಟಿದ ಜಾಗದಲ್ಲೇ 2018ರ ಏಪ್ರಿಲ್ 10ರಿಂದ ಮೇ 6ರವರೆಗೆ ಒಂದು ಉತ್ಸವ ನಡೆಯಿತು. ಹೆಸರು 'ಬಿಗ್ ಅಂಬ್ರೆಲಾ', ಅಂದರೆ ದೊಡ್ಡ ಕೊಡೆ. ಕರೆದದ್ದು ಯಾರನ್ನು ಅಂತೀರಾ? ಆಟಿಸಂ ಇರೋ ಮಕ್ಕಳನ್ನು, ಅವರ ಅಪ್ಪ ಅಮ್ಮ, ಅಣ್ಣ ತಂಗಿಯರನ್ನು. ಬೇರೆ ಕಡೆ "ಮಗೂನ ಸುಮ್ಮನಿರಿಸಿ, ಇಲ್ಲಾ ಎದ್ದು ಹೋಗಿ" ಅನ್ನಿಸಿಕೊಂಡು ಎದ್ದು ಹೋದವರನ್ನು!

ಆಟಿಸಂ ಅಂದರೆ ಹುಚ್ಚಲ್ಲ, ತಾಯಿ ಮುದ್ದು ಮಾಡಿ ಕೆಡಿಸಿದ್ದೂ ಅಲ್ಲ. ಹುಟ್ಟಿನಿಂದಲೇ ಮಿದುಳಿನ ರೀತಿ ಬೇರೆ, ಅಷ್ಟೆ. ಎಷ್ಟೋ ಮಕ್ಕಳಿಗೆ ಸದ್ದು, ಬೆಳಕು, ವಾಸನೆ, ಮುಟ್ಟೋದು ಎಲ್ಲಾ ವಿಪರೀತ. ನಾವು ಕೇಳಿಯೂ ಕೇಳದಂತಿರೋ ಫ್ಯಾನಿನ ಸದ್ದು ಅವರಿಗೆ ಕಿವಿಯಲ್ಲೇ ತಮಟೆ ಬಡಿದ ಹಾಗೆ. ಕೆಲವರಿಗೆ ತದ್ವಿರುದ್ಧ. ಎಷ್ಟಿದ್ದರೂ ಸಾಲದು, ಗಿರಗಿರ ತಿರುಗಬೇಕು, ಕುಣೀಬೇಕು. ಅಂಥ ಮಗುವನ್ನು ಕತ್ತಲೆ ಹಾಲಿನಲ್ಲಿ ಕೂರಿಸಿ ಸ್ಟೀರಿಯೋ ಸೌಂಡು ಬಿಟ್ಟರೆ ಏನಾಗಬೇಕು? ಇದೇನು ಅಪರೂಪದ ಸಂಗತಿಯಲ್ಲ. ಅಮೆರಿಕದಲ್ಲಿ ಎಂಟು ವರ್ಷದ 31 ಮಕ್ಕಳಲ್ಲಿ ಒಂದಕ್ಕೆ ಆಟಿಸಂ ಅಂತ ಅಲ್ಲಿನ ಸರ್ಕಾರಿ ಲೆಕ್ಕ 2025ರಲ್ಲಿ ಹೇಳಿತು.

ಉತ್ಸವದಲ್ಲಿ ತೋರಿಸಿದ್ದು ದೊಡ್ಡ ದೊಡ್ಡ ನಾಟಕಗಳನ್ನಲ್ಲ. ಆಸ್ಟ್ರೇಲಿಯಾದ ಒಂದು ತಂಡ ಮಕ್ಕಳನ್ನು ಸಮುದ್ರದ ತಳಕ್ಕೆ ಕರಕೊಂಡು ಹೋಯಿತು; ಕೂತು ನೋಡೋದಲ್ಲ, ಮುಟ್ಟಿ ಆಡೋದು. ಲಂಡನ್ನಿನಲ್ಲಿ 1981ರಲ್ಲಿ ಹುಟ್ಟಿದ 'ಆಯ್ಲಿ ಕಾರ್ಟ್' ತಂಡ ಬರೀ ಬೆಳಕಿನಲ್ಲೇ ಆಟ ಕಟ್ಟಿತು. ನ್ಯೂಯಾರ್ಕಿನವರದೇ 'ಅಪ್ ಅಂಡ್ ಅವೇ'ಯಲ್ಲಿ ಮಕ್ಕಳು ಬಿಸಿಗಾಳಿಯ ಬಲೂನು ಹತ್ತಿ ಹೊರಡ್ತಾರೆ. ಒಂದು ಆಟಕ್ಕೆ ಬೆರಳೆಣಿಕೆಯಷ್ಟೇ ಮಕ್ಕಳು, ಪ್ರತಿ ಮಗುವಿಗೂ ಜೊತೆಗೆ ಒಬ್ಬ ನಟ! ನಮ್ಮ ನಿರ್ಮಾಪಕರು ಈ ಲೆಕ್ಕ ಕೇಳಿದರೆ ಎದೆ ಹಿಡಕೊಳ್ತಾರೆ. ನಿಜ, ಇಷ್ಟು ಕಡಿಮೆ ಜನಕ್ಕೆ ಆಡಿದರೆ ಊರಿನ ಮಕ್ಕಳಿಗೆಲ್ಲ ಸಿಗೋದು ಯಾವಾಗ ಅನ್ನೋ ಪ್ರಶ್ನೆ ಉಳಿಯುತ್ತೆ. ಆಮೇಲೂ ಇದೇ ಹೆಸರಿನಲ್ಲಿ ಬಯಲಿನಲ್ಲಿ ಕಾರ್ಯಕ್ರಮಗಳಾಗಿವೆ.

ಇಂಥ ಆಟಗಳಿಗೆ ಮುಂಚೆ ಮನೆಯವರಿಗೆ ಚಿತ್ರಗಳಿರೋ ಒಂದು ಪುಸ್ತಿಕೆ ಕೊಡ್ತಾರೆ. ಬಾಗಿಲು ಹೀಗಿದೆ, ಟಿಕೆಟ್ ನೋಡೋರು ಇಲ್ಲಿ ನಿಂತಿರ್ತಾರೆ, ಈಗ ದೀಪ ಕಡಿಮೆ ಆಗುತ್ತೆ, ಈಗ ಜೋರು ಸದ್ದು ಬರುತ್ತೆ... ಎಲ್ಲಾ ಮೊದಲೇ ಹೇಳಿಬಿಡೋದು. ನಮ್ಮ ಹಳೇ ಪದ್ಯಾವಳಿಗಳು ನೆನಪಿದೆಯೇ? ಅರ್ಧ ಕಥೆ ಹೇಳಿ, ಮಿಕ್ಕಿದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತ ಕೈಕೊಡ್ತಿದ್ದವು. ಸಸ್ಪೆನ್ಸ್ ನಮಗೆ ಮಜ. ಈ ಮಕ್ಕಳಿಗೆ ಅದೇ ದಿಗಿಲು. ಹಾಗಂತಲೇ ಹೊರಗೆ ಒಂದು ಸುಮ್ಮನೆ ಕೂರೋ ಜಾಗ, ಸದ್ದು ತಗ್ಗಿಸೋ ಹೆಡ್‌ಫೋನು, ಕೈಯಲ್ಲಿ ಹಿಂಡೋಕೆ ಆಟಿಕೆ. ಎದ್ದು ಹೋಗಿ ಮತ್ತೆ ಬಂದರೆ ಗೇಟ್‌ಕೀಪರು ಗುರಾಯಿಸೋ ಹಾಗಿಲ್ಲ!

ಅಲ್ಲಿಂದ ಇಪ್ಪತ್ತು ಬೀದಿ ಕೆಳಗೆ ಬಂದರೆ ಟೈಮ್ಸ್ ಸ್ಕ್ವೇರು. ಆ ಗದ್ದಲದ ನಡುವೆಯೇ ಮಿನ್ಸ್‌ಕಾಫ್ ಥಿಯೇಟರಿನಲ್ಲಿ 2011ರ ಅಕ್ಟೋಬರ್ 2ರಂದು 'ಲಯನ್ ಕಿಂಗ್' ನಾಟಕವನ್ನು ಇಂಥ ಮಕ್ಕಳಿಗಾಗಿಯೇ ಆಡಿದರು. ಬ್ರಾಡ್‌ವೇಯಲ್ಲಿ ಅದೇ ಮೊದಲು. 'ಟಿ.ಡಿ.ಎಫ್.' ಅನ್ನೋ ಸಂಸ್ಥೆ ಅಷ್ಟೂ ಟಿಕೆಟ್ ತಾನೇ ಕೊಂಡು, ಕಡಿಮೆ ದರಕ್ಕೆ ಸಂಸಾರಗಳಿಗೆ ಮಾರಿತು. ಸಿಂಹಗಳು ಗರ್ಜಿಸಿದವು, ಆದರೆ ಮೆಲ್ಲಗೆ. ಕಣ್ಣಿಗೆ ಹೊಡೆಯೋ ಬೆಳಕು ತೆಗೆದರು. ಹಾಲು ಭರ್ತಿ!

ಸಿನಿಮಾದವರು ಇನ್ನೂ ಮುಂಚೆ ಎದ್ದಿದ್ದರು. 2007ರಲ್ಲಿ ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾ ಊರಿನ ತಾಯಿಯೊಬ್ಬರು ಕೇಳಿಕೊಂಡರು ಅಂತ ಎ.ಎಂ.ಸಿ. ಚಿತ್ರಮಂದಿರದಲ್ಲಿ ಶುರುವಾದ ಷೋ ಅದು. ದೀಪ ಪೂರ್ತಿ ಆರಿಸೋಲ್ಲ, ಸೌಂಡು ತಗ್ಗಿಸ್ತಾರೆ, ಮಕ್ಕಳು ಹಾಡಬಹುದು, ಕೂಗಬಹುದು, ಓಡಬಹುದು. ಮುಂದೆ ಅದು ಆ ಕಂಪನಿಯ ಎಷ್ಟೋ ಊರಿನ ಥಿಯೇಟರುಗಳಿಗೆ ಹಬ್ಬಿತು.

ನಮ್ಮಲ್ಲಿ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ. ಆದರೆ ಚಿತ್ರಮಂದಿರಗಳಿಗೆ ಅಂತ ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ ಹೊರಡಿಸಿದ ಮಾರ್ಗಸೂಚಿ ಕಿವಿ ಕೇಳದವರದು, ಕಣ್ಣು ಕಾಣದವರದು. ಬೇಕಾದ್ದೇ, ಒಳ್ಳೇದೇ. ಕಿವಿ ಜಾಸ್ತಿ ಕೇಳೋ ಮಕ್ಕಳ ಮಾತು ಅದರಲ್ಲಿಲ್ಲ. ಸೌಂಡ್ ಬಾಕ್ಸಿನ ಗುಂಡಿ ಎಡಕ್ಕೆ ತಿರುಗಿಸೋಕೆ, ಗೋಡೆಯ ನಾಲ್ಕು ದೀಪ ಉರಿಸೋಕೆ, ಹಿಂದಿನ ಬಾಗಿಲು ತೆರೆದಿಡೋಕೆ ಮಾಲೀಕರಿಗೆ ಎಷ್ಟು ಖರ್ಚಾದೀತು? ಬೆಳಗಿನ ಷೋಗೆ ಹತ್ತು ಜನ ಇಟ್ಟುಕೊಂಡು ಪ್ರೊಜೆಕ್ಟರ್ ಓಡಿಸೋ ಥಿಯೇಟರುಗಳು ನಮ್ಮ ಜಿಲ್ಲೆ ಜಿಲ್ಲೆಯಲ್ಲೂ ಇವೆ.