ಕುರುಡು ಸಿರಿ ಮತ್ತು ಬಡತನದ ವಾದ

ಗ್ರೀಕ್ ನಾಟಕವೆಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ರುದ್ರನಾಟಕ. ಅದಕ್ಕೆ ಬಹುಮಟ್ಟಿಗೆ ಬಿ.ಎಂ.ಶ್ರೀಯವರೇ ಕಾರಣರು. ಸೋಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಕಥೆಗೆ ಒಗ್ಗಿಸಿ 'ಅಶ್ವತ್ಥಾಮನ್' ರಚಿಸಿದ ಅವರು, ಈಸ್ಕಿಲಸನ ಕೃತಿಯೊಂದನ್ನು 'ಪಾರಸಿಕರು' ಎಂಬ ಹೆಸರಿನಲ್ಲಿ ನಮಗಿತ್ತರು. ಆ ಹಾದಿಯಲ್ಲಿ ಬಂದ ನಮಗೆ ಗ್ರೀಕರೆಂದರೆ ವಿಧಿಯೊಡನೆ ಸೆಣಸಿ ಅಳಿಯುವ ವೀರರು. ಆದರೆ ಅದೇ ಅಥೆನ್ಸಿನ ಜನ ಹೊಟ್ಟೆ ಹುಣ್ಣಾಗುವಂತೆ ನಗುತ್ತಲೂ ಇದ್ದರು. ಅವರನ್ನು ನಗಿಸಿದವರಲ್ಲಿ ಅಗ್ರಗಣ್ಯ ಅರಿಸ್ಟೊಫೇನಿಸ್. ಕ್ರಿ.ಪೂ. 388ರಲ್ಲಿ ಪ್ರದರ್ಶನಗೊಂಡ 'ಪ್ಲೂಟಸ್', ಅವನ ನಾಟಕಗಳಲ್ಲಿ ನಮಗೆ ಉಳಿದು ಬಂದಿರುವ ಕೊನೆಯದು. ಕಳೆದ ಬೇಸಿಗೆಯಲ್ಲಿ, ದುಬೈನ ಬಿಸಿಲಿಗೆ ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಅದನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಅಂದಿನಿಂದ ಅದು ನನ್ನನ್ನು ಬಿಟ್ಟಿಲ್ಲ.

ಪ್ಲೂಟಸ್ ಎಂದರೆ ಸಂಪತ್ತಿನ ದೇವತೆ. ನಾಟಕ ರಚಿತವಾದ ಕಾಲಕ್ಕೆ ಅಥೆನ್ಸ್ ಬಡವಾಗಿತ್ತು. ಕ್ರಿ.ಪೂ. 404ರಲ್ಲಿ ಸ್ಪಾರ್ಟಾಕ್ಕೆ ಸೋತು ತನ್ನ ಸಾಮ್ರಾಜ್ಯವನ್ನು ಕಳೆದುಕೊಂಡಿದ್ದ ನಗರ, ಮತ್ತೆ ಯುದ್ಧದಲ್ಲಿ ತೊಡಗಿತ್ತು. ಪ್ರಜಾಸಭೆಗೆ ಹಾಜರಾದವರಿಗೆ ಸಿಗುತ್ತಿದ್ದ ಮೂರು ಒಬೊಲ್ ಭತ್ಯೆಯೂ ಬಡವರಿಗೆ ದೊಡ್ಡ ಆಸರೆಯಾಗಿತ್ತು. ಇಂಥ ಜನರ ಮುಂದೆ ಕವಿ ಕ್ರೆಮಿಲಸ್ ಎಂಬ ಮುದಿ ರೈತನನ್ನು ತಂದು ನಿಲ್ಲಿಸುತ್ತಾನೆ. ಬದುಕಿಡೀ ಪ್ರಾಮಾಣಿಕನಾಗಿದ್ದು ಬಡವನಾಗಿಯೇ ಉಳಿದವನು ಅವನು. ದೇವಾಲಯ ದೋಚುವವರು, ಚಾಡಿಕೋರರು ಸಿರಿವಂತರಾಗುವುದನ್ನು ಕಂಡು, ತನ್ನ ಒಬ್ಬನೇ ಮಗ ಇನ್ನಾದರೂ ಠಕ್ಕತನ ಕಲಿಯುವುದು ಒಳ್ಳೆಯದೇ ಎಂದು ಕೇಳಲು ಡೆಲ್ಫಿಯ ಅಪೊಲೊ ಸನ್ನಿಧಿಗೆ ಹೋಗಿರುತ್ತಾನೆ. ತಂದೆಯೊಬ್ಬನ ಬಾಯಲ್ಲಿ ಈ ಪ್ರಶ್ನೆ ಹುಟ್ಟಬೇಕಾದರೆ ಕಾಲ ಎಷ್ಟು ಕೆಟ್ಟಿರಬೇಕು!

ಗುಡಿಯಿಂದ ಹೊರಬರುವಾಗ ಮೊದಲು ಎದುರಾದವನನ್ನು ಮನೆಗೆ ಕರೆದೊಯ್ಯಬೇಕೆಂಬುದು ದೈವವಾಣಿ. ಎದುರಾದವನು ಚಿಂದಿಯುಟ್ಟ ಒಬ್ಬ ಕುರುಡ. ಗದರಿಸಿ ಕೇಳಿದಾಗ ತಾನೇ ಪ್ಲೂಟಸ್ ಎಂದು ಒಪ್ಪಿಕೊಳ್ಳುತ್ತಾನೆ. ಸಜ್ಜನರ ಮನೆಗೆ ಮಾತ್ರ ಹೋಗುವೆನೆಂದು ಎಳವೆಯಲ್ಲಿ ಆಣೆಯಿಟ್ಟದ್ದಕ್ಕೆ, ಮನುಷ್ಯರ ಮೇಲಿನ ಹೊಟ್ಟೆಕಿಚ್ಚಿನಿಂದ ಜ್ಯೂಸ್ ದೇವನು ಅವನ ಕಣ್ಣು ಕಿತ್ತುಕೊಂಡಿದ್ದನಂತೆ. ನಮ್ಮಲ್ಲಿ ಲಕ್ಷ್ಮಿ ಚಂಚಲೆ. ಅವರ ಸಿರಿದೇವ ಕುರುಡ. ಚಂಚಲೆಯನ್ನು ಭಕ್ತಿಯಿಂದ ಒಲಿಸಿ ನಿಲ್ಲಿಸಿಕೊಳ್ಳಬಹುದು. ಕುರುಡನು ಬಂದು ಬಾಗಿಲು ತಟ್ಟಿದನೆಂಬುದರಿಂದ ಮನೆಯವನ ಯೋಗ್ಯತೆ ತಿಳಿಯುವುದಿಲ್ಲ. ದುಡಿಯಲೆಂದು ದೇಶ ಬಿಟ್ಟು ಬಂದು ನಾಲ್ಕು ಕಾಸು ಕಂಡ ನಮ್ಮಂಥವರು ಈ ಭೇದವನ್ನು ಗಮನಿಸಬೇಕು. ನನ್ನ ಜೊತೆಯಲ್ಲಿ ಓದಿದ, ನನಗಿಂತ ಜಾಣರಾದವರು ಊರಿನಲ್ಲಿಯೇ ಉಳಿದು ಹೆಣಗುತ್ತಿದ್ದಾರೆ. ಸಿರಿ ಅವರನ್ನು ನೋಡಿ ತಿರಸ್ಕರಿಸಿತೆಂದು ನನಗೆ ಅನಿಸುವುದಿಲ್ಲ. ಅದಕ್ಕೆ ಅವರು ಕಾಣಲಿಲ್ಲ, ಅಷ್ಟೆ.

ಪ್ಲೂಟಸನಿಗೆ ಕಣ್ಣು ಬರಿಸಿದರೆ ಸಜ್ಜನರೆಲ್ಲ ಸಿರಿವಂತರಾಗುವರೆಂದು ಕ್ರೆಮಿಲಸ್ ಹೊರಡುವಷ್ಟರಲ್ಲಿ ಒಬ್ಬ ಹೆಂಗಸು ಅಬ್ಬರಿಸುತ್ತ ರಂಗಕ್ಕೆ ನುಗ್ಗುತ್ತಾಳೆ. ಅವಳು ಪೆನಿಯಾ, ಬಡತನದ ದೇವತೆ. ಇಲ್ಲಿ ನಡೆಯುವ ವಾದವೇ ನಾಟಕದ ಜೀವಾಳ. ನನ್ನನ್ನು ಓಡಿಸಿದರೆ ನಿಮಗೇ ಕೇಡು ಎನ್ನುತ್ತಾಳೆ ಅವಳು. ಎಲ್ಲರೂ ಸಿರಿವಂತರಾದರೆ ಕಬ್ಬಿಣ ಬಡಿಯುವವರು, ಹಡಗು ಕಟ್ಟುವವರು, ಚಪ್ಪಲಿ ಹೊಲಿಯುವವರು, ಇಟ್ಟಿಗೆ ಸುಡುವವರು, ನೇಗಿಲು ಹಿಡಿಯುವವರು ಯಾರು? ಅದಕ್ಕೆಲ್ಲ ದಾಸರಿದ್ದಾರೆ ಎಂಬುದು ಕ್ರೆಮಿಲಸನ ಸಿದ್ಧ ಉತ್ತರ. ಹಣದ ಆಸೆಯೇ ಇಲ್ಲದಾಗ ಜೀವದ ಹಂಗು ತೊರೆದು ದಾಸರನ್ನು ಹಿಡಿದು ತಂದು ಮಾರುವವರು ಯಾರು ಎಂದು ಅವಳು ಮರುಪ್ರಶ್ನೆ ಹಾಕುತ್ತಾಳೆ. ತಿರುಕನೇ ಬೇರೆ, ಬಡವನೇ ಬೇರೆ ಎಂದೂ ಸಾಧಿಸುತ್ತಾಳೆ: ತಿರುಕನಿಗೆ ಏನೂ ಇಲ್ಲ; ಬಡವನು ದುಡಿದು ಹಿಡಿತದಿಂದ ಬಾಳುತ್ತಾನೆ, ಅವನಿಗೆ ಮಿಗುವುದೂ ಇಲ್ಲ, ಕೊರೆಯೂ ಇಲ್ಲ. ಬಡವರಾಗಿದ್ದಾಗ ನೆಟ್ಟಗಿದ್ದ ರಾಜಕಾರಣಿಗಳು ಬೊಕ್ಕಸದ ಹಣ ಮುಟ್ಟಿದೊಡನೆ ಜನದ್ರೋಹಿಗಳಾಗುತ್ತಾರೆಂದು ಅವಳು ಹೇಳಿದಾಗ, ಆ ಒಂದು ಮಾತು ನಿಜವೆಂದು ಕ್ರೆಮಿಲಸನೂ ಒಪ್ಪುತ್ತಾನೆ.

ತರ್ಕದಲ್ಲಿ ಗೆಲ್ಲುವವಳು ಪೆನಿಯಾಳೇ. ಕ್ರೆಮಿಲಸನ ಬಳಿಯಿರುವುದು ತರ್ಕವಲ್ಲ, ಪಟ್ಟಿ. ಹಸಿದ ಮಕ್ಕಳ ಅಳು, ನಿದ್ದೆಗೆಡಿಸುವ ಸೊಳ್ಳೆ ಮತ್ತು ಚಿಗಟ. ಹೊದಿಕೆಯ ಬದಲು ಚಿಂದಿ, ಹಾಸಿಗೆಯ ಬದಲು ತಿಗಣೆ ತುಂಬಿದ ಜೊಂಡಿನ ಚಾಪೆ, ದಿಂಬಿನ ಬದಲು ಕಲ್ಲು, ರೊಟ್ಟಿಯ ಬದಲು ಕಾಡುಸೊಪ್ಪು. ಜೀವಮಾನವೆಲ್ಲ ದುಡಿದು ಉಳಿಸಿದವನು ಕೊನೆಗೆ ತನ್ನ ಹೆಣ ಹೂಳುವಷ್ಟನ್ನೂ ಬಿಟ್ಟುಹೋಗುವುದಿಲ್ಲವೆಂದು ಅಣಕಿಸುತ್ತಾನೆ. ನೀನು ಒಪ್ಪಿಸಿದರೂ ನಾನು ಒಪ್ಪುವುದಿಲ್ಲ ಎಂಬ ಧಾಟಿಯಲ್ಲಿ ವಾದ ಮುಗಿಸಿ ಅವಳನ್ನು ಹೊರಗಟ್ಟುತ್ತಾನೆ. ಒಂದು ದಿನ ನೀವೇ ನನ್ನನ್ನು ಕರೆಯುವಿರಿ ಎನ್ನುತ್ತ ಅವಳು ಹೊರಟುಹೋಗುತ್ತಾಳೆ.

ಇದನ್ನು ಓದುವಾಗ ನಮ್ಮ ಸಂಘದ ಹಿಂದಿನ ಯುಗಾದಿ ಕೂಟ ನೆನಪಾಯಿತು. ಒಬ್ಬಟ್ಟಿನ ಊಟದ ಬಳಿಕ ಕೆಲವರು ತಮ್ಮ ಬಾಲ್ಯದ ಬಡತನವನ್ನು ಸ್ಮರಿಸಿದರು: ಬೀದಿದೀಪದ ಓದು, ಹರಿದ ಚಡ್ಡಿ, ಆದರೂ ಎಂಥ ನೆಮ್ಮದಿ! ಊರಿನಿಂದ ಬಂದಿದ್ದ ನನ್ನ ತಾಯಿ ಎಲ್ಲವನ್ನೂ ಕೇಳಿಸಿಕೊಂಡರು. ಕಾರಿನಲ್ಲಿ ಹಿಂದಿರುಗುವಾಗ, "ಹಾಡಿ ಹೊಗಳೋಕೆ ಅದರಲ್ಲಿ ಏನಪ್ಪ ಇತ್ತು? ಸೇರು ರಾಗಿ ಕಡ ಕೇಳ್ಕೊಂಡು ಬಾಗಿಲಿಂದ ಬಾಗಿಲಿಗೆ ಹೋದವಳು ನಾನು. ಯಾವ ಮನೇರು ಇಲ್ಲ ಅಂದ್ರು ಅನ್ನೋದು ಇವತ್ತಿಗೂ ನೆನಪೈತೆ" ಎಂದರು. ನೆಮ್ಮದಿ ಮಕ್ಕಳದಾಗಿತ್ತು, ಅದಕ್ಕೆ ಬೆಲೆ ತೆತ್ತವರು ವೇದಿಕೆ ಹತ್ತಿರಲಿಲ್ಲ. ಪೆನಿಯಾಳ ವಾದ ಸೊಗಸಾಗಿ ಕೇಳಿಸುವುದು ಅವಳ ಮನೆಯಿಂದ ಹೊರಬಿದ್ದವರಿಗೆ ಮಾತ್ರ.

ಹಾಗೆಂದು ಅವಳ ಪ್ರಶ್ನೆ ಸುಳ್ಳಾಗುವುದಿಲ್ಲ. ಪ್ಲೂಟಸ್ ಆಸ್ಕ್ಲೀಪಿಯಸ್ ದೇವನ ಗುಡಿಯಲ್ಲಿ ಒಂದು ರಾತ್ರಿ ಮಲಗಿ ದೃಷ್ಟಿ ಪಡೆಯುತ್ತಾನೆ. ಸಜ್ಜನರ ಮನೆಗಳು ತುಂಬುತ್ತವೆ. ಬೇಡುವವರಿಲ್ಲದೆ ಬಲಿಪೂಜೆ ನಿಂತು, ಹರ್ಮಿಸ್ ದೇವನೇ ಹಸಿವು ತಾಳದೆ ಕ್ರೆಮಿಲಸನ ಮನೆಯಲ್ಲಿ ಕೆಲಸ ಕೇಳಲು ಬರುತ್ತಾನೆ. ಆದರೆ ಎಲ್ಲರನ್ನೂ ನಗಿಸುವ ದಾಸ ಕ್ಯಾರಿಯನ್, ಮನೆ ತುಂಬಿದ ಮೇಲೂ ದಾಸನೇ. ನಾನಿರುವ ನಗರದಲ್ಲಿ ಈ ಸಂಗತಿಯನ್ನು ಮರೆಯುವುದು ಕಷ್ಟ. ಅಂದಿನ ದಾಸ್ಯವೇ ಬೇರೆ, ಇಂದಿನ ಕೂಲಿಯೇ ಬೇರೆ, ನಿಜ. ಆದರೂ ನಸುಕಿನಲ್ಲಿ ಬಸ್ಸು ತುಂಬಿ ಕಟ್ಟಡದ ಕೆಲಸಕ್ಕೆ ಹೋಗುವವರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ. ಅವರನ್ನು ಇಲ್ಲಿಗೆ ಕಳುಹಿಸಿದವಳು ಪೆನಿಯಾ. ಅವಳು ಹೊರಟುಹೋದ ಮನೆಗಳಲ್ಲಿ ನಾವು ವಾಸವಾಗಿದ್ದೇವೆ.

ಕೊನೆಯಲ್ಲಿ ಪ್ಲೂಟಸನನ್ನು ಮೆರವಣಿಗೆಯಲ್ಲಿ ಕರೆದೊಯ್ದು ಅಥೀನಾ ದೇವಿಯ ಗುಡಿಯ ಹಿಂಭಾಗದಲ್ಲಿದ್ದ ನಗರದ ಬೊಕ್ಕಸದಲ್ಲಿ ನೆಲೆಗೊಳಿಸಲು ಹೊರಡುತ್ತಾರೆ. ಪೆನಿಯಾ ಮರಳಿ ಬರುವುದಿಲ್ಲ. ಅವಳ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ. ಮುಂದಿನ ಯುಗಾದಿಗೆ ಈ ವಾದದ ದೃಶ್ಯವನ್ನಾದರೂ ಕನ್ನಡಿಸಿ ಸಂಘದ ವೇದಿಕೆಯಲ್ಲಿ ಓದಿಸಬೇಕೆಂಬುದು ನನ್ನ ಆಸೆ. ಪೆನಿಯಾಳ ಮಾತಿಗೆ ಗ್ರಾಂಥಿಕ ಕನ್ನಡವೇ ಸಾಕು. ಕ್ರೆಮಿಲಸನ ಉತ್ತರವನ್ನು ಮಾತ್ರ, ರಾಗಿ ಕಡ ಕೇಳಿ ಬಲ್ಲವರ ಕೈಯಲ್ಲಿ ತಿದ್ದಿಸಿಕೊಳ್ಳಬೇಕು. ಕೈಜೋಡಿಸುವ ಆಸಕ್ತಿಯುಳ್ಳವರು ದಯವಿಟ್ಟು ತಿಳಿಸಿ.